ತಾತ ಕೂಗಿದ ಒಂದು ಮಾತು

ನಮ್ಮ ಮನೆಯಲ್ಲಿ ಕನ್ನಡದ ವಿಷಯಕ್ಕೆ ಜಗಳವಾಗದ ವಾರವೇ ಇರಲಿಲ್ಲ, ಜಗಳ ತೆಗೆಯುತ್ತಿದ್ದವನು ನಾನೇ. ಮದ್ರಾಸಿನ ವಡಪಳನಿಯಲ್ಲಿ ಹುಟ್ಟಿ ಬೆಳೆದು, ಶೋಳಿಂಗನಲ್ಲೂರಿನ ಒಂದು ಆಫೀಸಿನ ಕ್ಯಾಬ್‌ಗಳ ಉಸ್ತುವಾರಿ ನೋಡಿಕೊಳ್ಳುವ ನನಗೆ ಅದೆಲ್ಲಿಂದ ಆ ಹಟ ಬಂತೋ. ಎಂಟು ವರ್ಷದ ಮಗಳು ತಮಿಳಿನಲ್ಲಿ ನೀರು ಕೇಳಿದರೆ ಕಿವಿ ಕೇಳಿಸದವನಂತೆ ಕೂತಿರುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಕಾದು, ಎದ್ದು ಹೋಗಿ ತಾನೇ ಕುಡಿಯುತ್ತಿದ್ದಳು.

"ಮಗೀನ ಬಾಯಾರ್ಸಿ ಅದ್ಯಾವ ಸೀಮೆ ಕನ್ನಡ ಕಲುಸ್ತೀಯೋ" ಎಂದು ಅಪ್ಪ ಬೈಯುತ್ತಿದ್ದ.

ಅಪ್ಪ ಮಂಡ್ಯದ ಕಡೆಯವನು, ಹೊಳೆ ದಡದ ಊರು. ಸಿನಿಮಾ ಸೆಟ್ ಕಟ್ಟುವ ಬಡಗಿಯಾಗಿ ಬಂದು ಮದ್ರಾಸಿನಲ್ಲೇ ನಿಂತ. ಪ್ಲೈವುಡ್ಡಿನಲ್ಲಿ ಎಷ್ಟೋ ಅರಮನೆ ಕಟ್ಟಿ, ಎಷ್ಟೋ ಅರಮನೆ ಕೆಡವಿದ. ಅವನಿಗೆ ಈ ಊರಲ್ಲಿ ಇದ್ದದ್ದು ಒಂದೇ ಕೊರತೆ, ಗಾಳ ಹಾಕಲು ನೀರಿಲ್ಲ ಎಂಬುದು. ಬಸ್ಸು ಕೂವಂ ಸೇತುವೆ ದಾಟುವಾಗ ಮೂಗು ಮುಚ್ಚಿಕೊಂಡು, "ಇದ್ನೂ ಹೊಳೆ ಅಂತಾರಲ್ಲಪ್ಪ" ಅನ್ನುತ್ತಿದ್ದ.

ಆ ಕೊರತೆ ತೀರಿಸೋಣ ಎಂದು ನಾನೇ ಹೊರಡಿಸಿದೆ. ಮೂರು ಗಂಟೆಯ ದಾರಿಯಲ್ಲಿ ನದಿಗೆ ಅಂಟಿಕೊಂಡಂತೆ ಒಂದು ಪಾರ್ಕ್ ಇತ್ತು. ಟೆಂಟ್ ಹಾಕಿಕೊಡುತ್ತಿದ್ದರು, ಗಾಳ ಹಾಕಲು ಬಿಡುತ್ತಿದ್ದರು. ಮಂಡಿನೋವಿನ ಅಮ್ಮ ಮನೆಯಲ್ಲೇ ಉಳಿದಳು. ಅಪ್ಪ, ನಾನು, ನನ್ನ ಹೆಂಡತಿ, ಮಗಳು ಶನಿವಾರ ಬೆಳಿಗ್ಗೆ ಹೊರಟೆವು.

ಶನಿವಾರವಿಡೀ ತಾತ ಮೊಮ್ಮಗಳು ನೀರು ಬಿಟ್ಟು ಕದಲಲಿಲ್ಲ. ಅಪ್ಪನದೊಂದು ಪದ್ಧತಿ ಇತ್ತು. ಗಾಳದ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಟ್ಟ ಬೆಂಡು ಅಲ್ಲಾಡಿದ ತಕ್ಷಣ ಎಳೆಯಬಾರದು, ಮೀನು ಹುಳುವನ್ನು ಪೂರ್ತಿ ನುಂಗಲು ಬಿಡಬೇಕು. "ಅಲ್ಲಾಡ್ದಂಗೆ ನಿಂತ್ಕೊಂಡು ಹತ್ತು ಎಣ್ಸು ಕನವ್ವ, ಆಮೇಲೆ ಎಳಿ." ಮಗಳಿಗೆ ಬರುತ್ತಿದ್ದ ಕನ್ನಡದಲ್ಲಿ ಗಟ್ಟಿಯಾಗಿ ಬರುತ್ತಿದ್ದದ್ದು ಎಣಿಕೆಯೊಂದೇ. ಅವಳು ತುಟಿ ಅಲ್ಲಾಡಿಸುತ್ತಾ ಒಂದರಿಂದ ಹತ್ತರವರೆಗೆ ಎಣಿಸಿ ಎಳೆದಳು, ಅಂಗೈಯಗಲದ ಜಿಲೇಬಿ ಮೀನು ಬಂತು. ಸಂಜೆಯ ಹೊತ್ತಿಗೆ ಅಪ್ಪ ಅಷ್ಟುದ್ದ ಹೇಳುವುದನ್ನೂ ಬಿಟ್ಟಿದ್ದ. ಬೆಂಡು ಕುಣಿದರೆ "ಹತ್ತು" ಎಂದಷ್ಟೇ ಕೂಗುತ್ತಿದ್ದ. ಅವಳು ಕಂಬದಂತೆ ನಿಂತು ಎಣಿಸುತ್ತಿದ್ದಳು. ನೋಡಿ ನನಗೆ ಹೆಮ್ಮೆಯೋ ಹೆಮ್ಮೆ. ಮೂರು ವರ್ಷ ನಾನು ಗಂಟಲು ಹರಿದುಕೊಂಡರೂ ಆಗದ್ದನ್ನು ಮುದುಕ ಒಂದೇ ದಿನದಲ್ಲಿ ಮಾಡಿದ್ದ.

ಭಾನುವಾರ ಬೆಳಿಗ್ಗೆ ಅವಳು ಮೊಣಕಾಲುದ್ದದ ನೀರಿನಲ್ಲಿ, ಒಂದು ಬಂಡೆಯ ಪಕ್ಕದಲ್ಲಿ ಗಾಳ ಹಿಡಿದು ನಿಂತಿದ್ದಳು. ಅಪ್ಪ ದಡದಲ್ಲಿ ಕೂತು ಎರೆಹುಳು ಸಿಕ್ಕಿಸುತ್ತಿದ್ದ. ನಾನು ಟೆಂಟಿನ ಮುಂದೆ ಸ್ಟವ್ ಹೊತ್ತಿಸುತ್ತಿದ್ದೆ, ಹೆಂಡತಿ ಒಳಗೆ ಬಟ್ಟೆ ಮಡಚುತ್ತಿದ್ದಳು. ಹಿಂದಿನ ರಾತ್ರಿ ಮೇಲೆಲ್ಲೋ ಮಳೆಯಾಗಿತ್ತಂತೆ. ನಮಗದು ಆಮೇಲೆ ಗೊತ್ತಾಯಿತು.

"ಹತ್ತು ಕನವ್ವ, ಹತ್ತು" ಎಂದು ಅಪ್ಪ ಕೂಗಿದ್ದು ಕೇಳಿಸಿತು.

ತಲೆಯೆತ್ತಿ ನೋಡಿದೆ. ಮಗಳು ಕಂಬದಂತೆ ನಿಂತಿದ್ದಳು, ತುಟಿ ಅಲ್ಲಾಡುತ್ತಿತ್ತು. ಮೀನು ಕಚ್ಚಿರಬೇಕು ಅಂದುಕೊಂಡೆ. ನಕ್ಕು, ಹಾಲಿನ ಪಾಕೆಟ್ ಹರಿದು ಪಾತ್ರೆಗೆ ಸುರಿದೆ. ಅಪ್ಪ ಮತ್ತೆ ಕೂಗಿದ. ಆ ದನಿ ಬೇರೆ ಇತ್ತು. ಎರಡನೆಯ ಸಲ ನೋಡಿದಾಗ ನೀರು ಕೆಂಪಗೆ ಅವಳ ಸೊಂಟಕ್ಕೆ ಬಂದಿತ್ತು, ಅಪ್ಪ ಪಂಚೆ ಸಮೇತ ನೀರಿಗೆ ಇಳಿದಿದ್ದ. ಬಂಡೆ ಹತ್ತು ಎಂದು ಕೂಗಿದ್ದು ಅವನು. ಅವಳು ಎಣಿಸುತ್ತಾ ನಿಂತಿದ್ದಳು, ನಾನು ಹಾಲು ಕಾಯಿಸುತ್ತಿದ್ದೆ.

ಅಪ್ಪ ಅವಳನ್ನು ಎತ್ತಿ ಬಂಡೆಯ ಮೇಲೆ ಹಾಕಿದ. ತಾನು ಹತ್ತಲು ಕೈಯೂರಿದಾಗ ಕಾಲು ತಪ್ಪಿತು. ಹೊಳೆಯಲ್ಲಿ ಈಜಿ ಬೆಳೆದವನು, ಆದರೆ ಎಪ್ಪತ್ತು ದಾಟಿತ್ತು, ಒದ್ದೆ ಪಂಚೆ ಕಾಲಿಗೆ ಸುತ್ತಿಕೊಂಡಿತ್ತು. ನನಗೆ ಈಜು ಬರುವುದಿಲ್ಲ. ಪಾರ್ಕಿನವರು ಹಗ್ಗ ತಂದು ಮಗಳನ್ನು ಇಳಿಸಿಕೊಂಡಾಗ ಅವಳು ನನ್ನ ಕುತ್ತಿಗೆ ತಬ್ಬಿ ತಮಿಳಿನಲ್ಲಿ, ಏಳರವರೆಗೆ ಎಣಿಸಿದ್ದೆ ಅಪ್ಪಾ, ಅಂದಳು. ಅಪ್ಪ ಸಿಕ್ಕಿದ್ದು ಮಾರನೆಯ ದಿನ, ಬಹಳ ಕೆಳಗೆ, ಮುಳ್ಳುಪೊದೆಯಲ್ಲಿ.

ತಿಥಿಗೆ ಬಂದವರೆಲ್ಲ ಒಂದೇ ಕೇಳಿದರು, ಮಗು ಯಾಕೆ ಹಾಗೆ ನಿಂತುಕೊಂಡಿತು ಅಂತ. ಹೆದರಿತ್ತು ಅಂದೆ. ಹೆಂಡತಿಗೂ ಅದನ್ನೇ ಹೇಳಿದೆ, ಅಮ್ಮನಿಗೂ ಅದನ್ನೇ. ಆವತ್ತಿನಿಂದ ಮನೆಯಲ್ಲಿ ನಾನು ಮಗಳ ಜೊತೆ ತಮಿಳಿನಲ್ಲೇ ಮಾತಾಡತೊಡಗಿದೆ. ಹತ್ತು ಎಂದರೆ ಅವಳಿಗೆ ಎರಡು ಕೈಯ ಬೆರಳುಗಳು, ಅಷ್ಟೇ ಇರಲಿ. ಇನ್ನೊಂದು ಅರ್ಥ ತಿಳಿದ ದಿನ ಈ ಮಗು ತಾತನ ಸಾವನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತದೆ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. "ಈಗ ನಿಂಗೆ ಕನ್ನಡ ಬ್ಯಾಡ್ವಾಯ್ತೇನೋ" ಎಂದು ಅಮ್ಮ ಕಣ್ಣೊರೆಸಿಕೊಂಡಳು.

ಐದು ತಿಂಗಳು ಹಾಗೇ ಕಳೆಯಿತು. ಒಂದು ಸಂಜೆ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟಿತ್ತು. ಅಮ್ಮ ಎರಡನೆಯ ಮಹಡಿಯ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತಳು. ಮುಂದಿದ್ದ ಮಗಳಿಗೆ, "ನಾನು ಮೆಲ್ಗೆ ಬತ್ತೀನಿ. ನೀನು ಹತ್ತು ಕನವ್ವ, ಹತ್ತು" ಅಂದಳು.

ಮಗಳು ನಿಂತುಬಿಟ್ಟಳು. ಅಜ್ಜಿಯ ಮುಖ ನೋಡಿದಳು, ಮೇಲಿನ ಮೆಟ್ಟಿಲು ನೋಡಿದಳು. ತರಕಾರಿ ಚೀಲ ಹಿಡಿದು ಹಿಂದೆ ಬರುತ್ತಿದ್ದ ನನ್ನನ್ನು ನೋಡಿದಳು. ಅಮ್ಮ ಏದುಸಿರು ಬಿಡುತ್ತಾ ನಮ್ಮನ್ನು ದಾಟಿ ಮನೆಯೊಳಗೆ ಹೋಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

"ತಾತಾ 'ಏರು'ನ್ನು ಸೊನ್ನಾರಾಪ್ಪಾ?" ಎಂದು ಕೇಳಿದಳು. ತಾತ ಹೇಳಿದ್ದು ಏರು ಅಂತಲಾ ಎಂದು ಅವಳ ಪ್ರಶ್ನೆ; ಮೇಲೆ ಹತ್ತು ಎನ್ನುವುದಕ್ಕೆ ತಮಿಳಿನಲ್ಲೂ ಏರು ಎಂದೇ ಹೇಳುತ್ತಾರೆ.

ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. ಚೀಲ ಕೆಳಗಿಟ್ಟು ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ. ಹೌದು ಕಂದ, ಆದರೆ ತಪ್ಪು ನಿನ್ನದಲ್ಲ, ಆವತ್ತು ನನಗೂ ಎಣಿಸು ಅಂತಲೇ ಕೇಳಿಸಿತು, ಕೇಳಿಸಿ ನಾನೂ ಸುಮ್ಮನೇ ಇದ್ದೆ, ಅಂದೆ. ಅವಳಿಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ಯಾರಿಗೂ ಹೇಳಿರದ ಮಾತು ಅದು.

ಅವಳು ತಿರುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಆದ್ರೆ ನಿಮಗೆ ಕನ್ನಡ ಬರುತ್ತಲ್ಲಪ್ಪಾ" ಎಂದು ತಮಿಳಿನಲ್ಲೇ ಅಂದಳು.