ಚಿಕ್ಕಗಂಗಮ್ಮನ ಸಣ್ಣ ಕೈ

ಬೆಳಕು ಹರಿಯುವ ಹೊತ್ತು. ಹೋಳೂರಿನ ಹತ್ತಿರ ಚನ್ನರಾಯಪ್ಪನವರ ಕೊಟ್ಟಿಗೆಯ ಮುಂದೆ ಅರ್ಧ ಬೀದಿಯೇ ಸೇರಿದೆ. ಒಳಗೆ ಸೀಮೆಹಸುವಿನ ಕಡಸು ಚೊಚ್ಚಲ ಕರು ಹಾಕಬೇಕು. ನೀರುಚೀಲ ಕಾಣಿಸಿಕೊಂಡು ಒಡೆದದ್ದೂ ಆಯಿತು, ಆಮೇಲೆ ಏನೂ ಇಲ್ಲ. ಕಡಸು ಜನರ ಮುಖ ನೋಡುತ್ತಾ ನಿಂತುಬಿಟ್ಟಿದೆ.

"ಇಲ್ಲೇನು ನಾಟ್ಕ ಆಡ್ತಾವ್ರಾ? ನಿಮ್ಮ ಹೆಂಡ್ರು ಹೆರೋವಾಗ್ಲೂ ಹಿಂಗೇ ಬಾಗ್ಲಲ್ಲಿ ನಿಂತಿದ್ರೇನ್ಲಾ? ನಡೀರಿ ಆಚೆ" ಎಂದು ಚಿಕ್ಕಗಂಗಮ್ಮ ಎಲ್ಲರನ್ನೂ ಅಟ್ಟುತ್ತಾರೆ. ಗೋಣಿಪಟ್ಟೆಯನ್ನು ಬಾಗಿಲಿಗೆ ಇಳಿಬಿಡುತ್ತಾರೆ. ಮೊದಲ ಸಲ ಈಯುವ ಕಡಸಿಗೆ ನಾಚಿಕೆ ಜಾಸ್ತಿ, ಜನ ಕಂಡರೆ ನೋವನ್ನೇ ಬಿಗಿಹಿಡಿಯುತ್ತದೆ ಎನ್ನುವುದು ಅವರ ಅನುಭವ. ಬಳೆ ಕಳಚುತ್ತಾರೆ, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಾರೆ.

ಆ ಕೈ ನೋಡಬೇಕು. ಐವತ್ತು ದಾಟಿದ ಹೆಂಗಸಿನ ಕೈಯೆಂದು ಯಾರೂ ಹೇಳುವುದಿಲ್ಲ. ಬಳೆಗಾರ ಇಂದಿಗೂ ಸ್ಕೂಲು ಹುಡುಗಿಯರ ಅಳತೆಯ ಬಳೆಯನ್ನೇ ತೆಗೆದು ಮುಂದಿಡುತ್ತಾನೆ. "ಗಂಡಸ್ರ ಕೈ ಮಣ್ಣು ಅಗೆಯೋ ಮಮ್ಮಟಿ ಇದ್ದಂಗೆ. ಕಡಸಿನ ದಾರಿ ಇಕ್ಕಟ್ಟು, ಅದ್ರೊಳಕ್ಕೆ ಆ ಕೈ ಹಾಕಿದ್ರೆ ಹರ್ದೇ ಹೋಗ್ತದೆ" ಎಂದು ಅವರು ನಗುತ್ತಾರೆ. ಅದಕ್ಕೇ ಸುಗಟೂರಿನಿಂದಲೂ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತಾರೆ. ಬದಲಿಗೆ ಸಿಗುವುದು ಒಂದು ಚೊಂಬು ಗಿಣ್ಣುಹಾಲು, ಜೊತೆಗೆ ಎಲೆ ಅಡಿಕೆ.

ಗಂಡ ಕದಿರೇಶ್ ಕಲ್ಲು ಕೆಲಸದಲ್ಲಿ ಸೊಂಟ ಮುರಿದುಕೊಂಡ ಮೇಲೆ ಮನೆ ನಡೆಯುವುದು ಇವರ ದುಡಿಮೆಯಿಂದ. ಚನ್ನರಾಯಪ್ಪನವರದೂ ಸೇರಿ ಮೂರು ಮನೆಗಳ ಹದಿನಾಲ್ಕು ಹಸುಗಳಿಗೆ ದಿನಕ್ಕೆರಡು ಹೊತ್ತು ಸಗಣಿ ಬಾಚುವುದು, ಮೇವು ಕತ್ತರಿಸುವುದು, ಹಾಲು ಕರೆಯುವುದು. ಆದರೆ ತಮ್ಮದೆಂದು ಹೇಳಿಕೊಳ್ಳಲು ಒಂದು ಬಾಲವೂ ಇಲ್ಲ.

ಅದಕ್ಕೇ ಇವತ್ತಿನ ಕೆಲಸ ಬೇರೆ ದಿನಗಳಂತಲ್ಲ. ಈ ಕಡಸು ಹುಟ್ಟಿದಾಗಲೇ ತಾಯಿ ಸತ್ತಿತ್ತು. ಇನ್ನು ಬದುಕುವುದಿಲ್ಲ ಎಂದು ಚನ್ನರಾಯಪ್ಪ ಕೈಬಿಟ್ಟಿದ್ದರು. "ವಾರಕ್ಕೆ ಸಾಕು ಗಂಗಮ್ಮ. ಬದುಕಿದ್ರೆ ಚೊಚ್ಚಲ ಕರು ನಿಂದು" ಅಂದಿದ್ದರು. ಈ ಕಡೆ ಬೇರೆಯವರ ಕರು ಸಾಕಿ ಪಾಲು ಪಡೆಯುವುದನ್ನು ವಾರ ಎನ್ನುತ್ತಾರೆ. ಚಿಕ್ಕಗಂಗಮ್ಮ ಬೆರಳು ಚೀಪಿಸಿ ಹಾಲು ಕುಡಿಸಿದರು, ಚಳಿಗೆ ತಮ್ಮ ಹಳೆ ಕಂಬಳಿ ಹೊದಿಸಿದರು. ಕಡಸು ಬೆಳೆಯಿತು, ಆದರೆ ಗಬ್ಬ ಕಟ್ಟಲಿಲ್ಲ. ಬೆಳಿಗ್ಗೆ ಅದು ಬೆದೆಗೆ ಬಂದು ಒಂದು ಸಲ ಕೂಗಿದರೆ ಸಾಕು, ಚನ್ನರಾಯಪ್ಪ ಗಬ್ಬಕ್ಕೆ ಇಂಜೆಕ್ಷನ್ ಕೊಡುವ ಉಮೇಶನಿಗೆ ಫೋನು ಮಾಡುತ್ತಿದ್ದರು. ಎರಡು ಸಲ ಹೀಗೇ ದಂಡವಾಯಿತು. ಮೂರನೇ ಸಲ ಉಮೇಶನೇ ಬೈದ: "ಬೆಳಗ್ಗೆ ಬೆದೆಗೆ ಬಂದ್ರೆ ಸಾಯಂಕಾಲ ಕರೀರಿ ಅಂತ ಎಷ್ಟು ಸಲ ಬಡ್ಕೊಳ್ಲಿ? ನಿಮ್ಮ ಅವಸ್ರಕ್ಕೆ ಅದು ಕಟ್ತದಾ?" ಆ ದಿನ ಸಂಜೆಯವರೆಗೆ ಚನ್ನರಾಯಪ್ಪನ ಫೋನು ಚಿಕ್ಕಗಂಗಮ್ಮನ ಮಡಿಲಲ್ಲಿತ್ತು. ಗಬ್ಬ ನಿಂತಿತು.

ಈಗ ಕಡಸು ಮಲಗಿ ತಿಣುಕುತ್ತದೆ. ಒಂದು ಗೊರಸು ಬರುತ್ತದೆ, ಮೂತಿ ಬರುತ್ತದೆ. ಇನ್ನೊಂದು ಕಾಲು ಕಾಣುವುದಿಲ್ಲ. ಚಿಕ್ಕಗಂಗಮ್ಮ ಕೈ ಹಾಕಿ ನೋಡಿ, "ಮಂಡಿ ಮಡಚ್ಕೊಂಡದೆ" ಅನ್ನುತ್ತಾರೆ. ಪಶುವೈದ್ಯೆ ಸುಮೇಧಾ ಮುಳಬಾಗಿಲಿನ ಕಡೆಯಿಂದ ಹೊರಟಿದ್ದಾರೆ, ಫೋನು ಸ್ಪೀಕರಿನಲ್ಲಿದೆ. "ಎಳೀಬೇಡಮ್ಮ. ನೋವು ಬಿಟ್ಟಾಗ ಕರೂನ ಹಿಂದಕ್ಕೆ ತಳ್ಳು. ಗೊರಸನ್ನ ಅಂಗೈಲಿ ಮುಚ್ಕೊಂಡು ತಿರುಗ್ಸು."

ಅಷ್ಟರಲ್ಲಿ ಚನ್ನರಾಯಪ್ಪ ಹಗ್ಗ ತಂದಾಗಿದೆ. "ಎಳ್ದುಬಿಡಣ ಗಂಗಮ್ಮ. ಕರು ಹೋದ್ರೆ ಹೋಗ್ಲಿ, ನನ್ನ ಕಡಸು ಉಳೀಲಿ."

"ತಾಯಿ ನಿಂದು, ಕರು ನಂದು. ಒಳಗಿರೋ ಕೈ ಒಂದೇ. ಎರಡನ್ನೂ ನೋಡ್ತೈತೆ, ಸುಮ್ನಿರಣ್ಣಯ್ಯ."

ಮನುಷ್ಯರಿಗೆ ಕನ್ನಡದಲ್ಲಿ ಬೈಯುವ ಚಿಕ್ಕಗಂಗಮ್ಮ ದನಗಳ ಜೊತೆ ಮಾತಾಡುವುದು ತೆಲುಗಿನಲ್ಲಿ. "ಕೊಂಚೆಂ ಓರ್ಚುಕೋ ತಲ್ಲೀ" ಎಂದು, ಸ್ವಲ್ಪ ತಾಳಿಕೋ ತಾಯೀ ಎಂದು, ಬೆನ್ನು ಸವರುತ್ತಾರೆ. ನೋವು ಬಂದಾಗ ಅವರ ತೋಳನ್ನು ಒಳಗೆ ಹಿಂಡಿದಂತಾಗುತ್ತದೆ, ಹಲ್ಲು ಕಚ್ಚುತ್ತಾರೆ. ನೋವು ಬಿಟ್ಟ ಕೂಡಲೇ ಒಂದಿಷ್ಟು ತಳ್ಳುತ್ತಾರೆ, ತಡಕುತ್ತಾರೆ. ಗೊರಸು ಅಂಗೈಗೆ ಸಿಕ್ಕಿತು. ತಿರುಗಿತು. ಎರಡನೇ ಕಾಲೂ ಹೊರಬಂತು.

"ಈಗ ತಾ ನಿನ್ನ ಹಗ್ಗ. ಅದು ತಿಣುಕಿದಾಗ ಎಳಿ, ಬಿಟ್ಟಾಗ ಬುಡು."

ಒಂದು ಕಾಲನ್ನು ಇಷ್ಟು, ಇನ್ನೊಂದು ಕಾಲನ್ನು ಇಷ್ಟು ಎಳೆಯುತ್ತಾರೆ. ತಲೆ, ಭುಜ, ಆಮೇಲೆ ಎಲ್ಲಾ ಒಟ್ಟಿಗೆ ಜಾರಿ ಹುಲ್ಲಿನ ಮೇಲೆ ಬಿತ್ತು. ಅಲುಗಾಟವಿಲ್ಲ. ಚಿಕ್ಕಗಂಗಮ್ಮ ಅದರ ಬಾಯಿಯಿಂದ ಲೋಳೆ ಬಳಿದು ತೆಗೆಯುತ್ತಾರೆ, ಮೂಗಿಗೆ ಹುಲ್ಲುಕಡ್ಡಿ ಆಡಿಸುತ್ತಾರೆ, ಗೋಣಿಯಿಂದ ಎದೆ ತಿಕ್ಕುತ್ತಾರೆ. "ಗಂಡಾ ಹೆಣ್ಣಾ?" ಎಂದು ಹೊರಗಿನಿಂದ ಕೂಗು. "ಮೊದ್ಲು ಉಸ್ರು, ಆಮೇಲೆ ಅದು" ಎಂದು ಗದರುತ್ತಾರೆ.

ಕರು ಸೀನಿತು. ಕಿವಿ ಒದರಿತು. ಆಗಷ್ಟೇ ಚಿಕ್ಕಗಂಗಮ್ಮ ಬಾಲ ಎತ್ತಿ ನೋಡಿ, ಅಲ್ಲೇ ಕುಕ್ಕರಿಸುತ್ತಾರೆ. ಹೆಣ್ಣು.

ಚನ್ನರಾಯಪ್ಪ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಹೆಣ್ಣಾ? ಗಂಗಮ್ಮ, ಒಂದು ಮಾತು..."

"ಎಂತಾ ಮಾತು?" ಗೋಣಿಪಟ್ಟೆಯ ಆಚೆಯಿಂದ ಹೆಂಡತಿ ಭಾರತಮ್ಮನ ಧ್ವನಿ. "ಸಾಯೋ ಕರು ಕೊಟ್ಟಾಗಲೇ ಎಲ್ಲಾ ಮಾತೂ ಆಯ್ತಲ್ಲ. ಈಗ ಬೀದಿಗೆಲ್ಲಾ ಕೇಳ್ಸೋ ಹಂಗೆ ಇನ್ನೊಂದ್ಸಲ ಹೇಳು, ಕರು ಯಾರ್ದು?"

ಬೀದಿ ಕಿವಿ ನಿಮಿರಿಸಿ ನಿಂತಿದೆ. ಚನ್ನರಾಯಪ್ಪನಿಗೆ ನಗು ಬಂದುಬಿಡುತ್ತದೆ. "ಗಂಗಮ್ಮಂದೇ ಕಣೇ. ಹಾಲು ಬಿಡೋ ತಂಕ ತಾಯಿ ಹತ್ರ ಇರ್ಲಿ ಅನ್ನೋಕೆ ಬಂದೆ, ಅಷ್ಟೇ." ಯಾರೂ ನಂಬುವುದಿಲ್ಲ.

ಡಾಕ್ಟರು ಬಂದು ತಾಯಿ ಮಗಳಿಬ್ಬರನ್ನೂ ಪರೀಕ್ಷಿಸಿ, ಸೂಜಿ ಚುಚ್ಚಿ, ಕಾಫಿ ಕುಡಿದು ಹೋಗುತ್ತಾರೆ. ಕಡಸು ಈಗ ಹಸು, ಕರುವನ್ನು ಬಿಡದೆ ನೆಕ್ಕುತ್ತಿದೆ. ಚಿಕ್ಕಗಂಗಮ್ಮನ ತೋಳು ಊದಿಕೊಂಡು ಬಳೆ ಏರುತ್ತಿಲ್ಲ. ಅವರಿಗೆ ಅದರ ಪರಿವೆಯೂ ಇಲ್ಲ.

"ದಿನಾ ಎರಡೊತ್ತು ಡೇರಿಗೆ ಹಾಲು ಹೊರ್ತೀನಿ. ಅಲ್ಲಿ ಹಸು ಯಾರ್ದೋ ಅವ್ರ ಹೆಸ್ರು ಕೂಗೋದು. ಚನ್ನರಾಯಪ್ಪ ಅಂತ ಕೂಗ್ತಾರೆ, ನಾನು ಹೋಗಿ ಹಾಲು ಸುರೀತೀನಿ. ಇವ್ಳು ಬೆಳ್ದು ಕರು ಹಾಕ್ಲಿ. ಅವತ್ತು ಚಿಕ್ಕಗಂಗಮ್ಮ ಅಂತ ಕೂಗ್ತಾರಲ್ಲ, ಮೊದಲ್ನೇ ಸಲಕ್ಕೇ ಹೋಗಲ್ಲ ನಾನು. ಕೇಳಿಸ್ದೇ ಇರೋಳ ಥರ ನಿಂತಿರ್ತೀನಿ. ಇನ್ನೊಂದ್ಸಲ ಕೂಗ್ಲಿ."