‘ಗಿರಣಿ’ ಬ್ಯಾಂಡಿನ ಏಕೈಕ ಅಭಿಮಾನಿ

ಲಿಂಗಸುಗೂರಿನ ನಮ್ಮ ಹೈಸ್ಕೂಲಿನಲ್ಲಿ ನನ್ನ ಮೇಲಿರುವ ದೂರು ಒಂದೇ: ನನ್ನ ದನಿ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ. ‘ಟೀಚರ್, ಸ್ವಲ್ಪ ಜೋರ್ ಮಾತಾಡ್ರೀ, ಕೇಳ್ಸವಲ್ದು’ ಎಂದು ಮಕ್ಕಳು ಆಗಾಗ ಕೂಗುತ್ತಾರೆ. ‘ಸುವರ್ಣಾ ಟೀಚರದು ಗುಬ್ಬಿ ದನಿ’ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ. ಈ ಗುಬ್ಬಿ ಒಂದು ಕಾಲಕ್ಕೆ ಥ್ರ್ಯಾಶ್ ಮೆಟಲ್ ಬ್ಯಾಂಡೊಂದರಲ್ಲಿ ಹಾಡುತ್ತಿತ್ತು, ಅದರದೊಂದು ಆಲ್ಬಮ್ ಕೂಡ ಹೊರಬಂದಿತ್ತು ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಅದು ಹೊರಬಂದಾಗಲೂ ಯಾರೂ ನಂಬಿರಲಿಲ್ಲ.

ಥ್ರ್ಯಾಶ್ ಮೆಟಲ್ ಎಂದರೇನೆಂದು ತಿಳಿಯದವರಿಗೆ ಒಂದು ಮಾತು. ಇದರಲ್ಲಿ ಗಿಟಾರನ್ನು ಮೀಟುವುದಿಲ್ಲ, ಜಾಡಿಸುತ್ತಾರೆ. ಡ್ರಮ್ಮು ಹಗ್ಗ ಹರಿದುಕೊಂಡ ಹೋರಿಯ ಹಾಗೆ ಓಡುತ್ತದೆ. ಹಾಡುವವರು ಹಾಡುವುದಿಲ್ಲ, ನೀರಿನ ಪಾಳಿಗಾಗಿ ಕಾಲುವೆ ದಂಡೆಯಲ್ಲಿ ನಿಂತು ಜಗಳ ತೆಗೆಯುವವರ ದನಿಯಲ್ಲಿ ಕೂಗುತ್ತಾರೆ. ಹಾಗೆ ಕೂಗುತ್ತಿದ್ದವಳು ನಾನು.

ಆಗ ನಾನು ಸಿಂಧನೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದೆ. ಮಾವನದು ಮಸ್ಕಿ ರಸ್ತೆಯಲ್ಲಿ ಒಂದು ಅಕ್ಕಿ ಗಿರಣಿ. ಹಳೆಯ ಕಾಲದ ಯಂತ್ರಗಳು. ಚಾಲೂ ಆದರೆ ನೆಲವೆಲ್ಲ ನಡುಗುತ್ತಿತ್ತು. ಒಂದು ಸುಗ್ಗಿಯಲ್ಲಿ, ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪಿನಿಂದ ಭತ್ತದ ಟ್ರ್ಯಾಕ್ಟರಿನ ಮೇಲೆ ಚೀಲಗಳ ಜೊತೆ ಒಂದು ಎಲೆಕ್ಟ್ರಿಕ್ ಗಿಟಾರೂ ಇಳಿಯಿತು. ಅದರ ಹಿಂದೆ ಇಳಿದವನು ಬಿಕಾಸ್. ನನ್ನ ಕಾಲೇಜಿನವನೇ. ಕ್ಯಾಂಪಿನ ಬಂಗಾಳಿ ಹುಡುಗ, ನನ್ನ ಹೆಸರನ್ನು ಇಂದಿಗೂ ‘ಶುಬರ್ಣಾ’ ಎಂದೇ ಕರೆಯುತ್ತಾನೆ. ಗಿಟಾರು ಕೋಲ್ಕತ್ತಾದ ಅವನ ಅಣ್ಣನೊಬ್ಬ ಕೊಟ್ಟದ್ದು. ಕ್ಯಾಂಪಿನಲ್ಲಿ ಅದನ್ನು ನುಡಿಸಿದರೆ ಅಕ್ಕಪಕ್ಕದವರು ಮನೆಯ ಮುಂದೆ ಜಗಳಕ್ಕೆ ಬಂದು ನಿಲ್ಲುತ್ತಿದ್ದರಂತೆ.

‘ಮಾವಾರಾ, ಗಿರಣಿ ಚಾಲೂ ಇದ್ದಾಗ ಒಂದು ಮೂಲ್ಯಾಗ ಕುಂತು ಬಾರಿಸ್ಕೊಂತೀನ್ರೀ. ಯಾರಿಗೂ ಕೇಳ್ಸಂಗಿಲ್ಲ’ ಎಂದು ಬಿಕಾಸ್ ಕೇಳಿದ.

‘ಬಾರ್ಸು, ಯಾರ್ ಬ್ಯಾಡ ಅಂದಾರ’ ಎಂದರು ಮಾವ.

ಡ್ರಮ್ಮಿನವನು ಮೌಲಾ, ಮಸ್ಕಿಯವನು. ಅವನ ಮನೆತನದ್ದು ಮದುವೆಗಳಿಗೆ ಬಾರಿಸುವ ಬ್ಯಾಂಡ್ ಸೆಟ್. ಮದುಮಗನ ಮೆರವಣಿಗೆ ನಿಧಾನ ಸಾಗುವುದರಿಂದ ಅವನಿಗೆ ಬೇಸರ ಬಂದುಬಿಟ್ಟಿತ್ತು. ‘ಅರೇ, ನನ್ನ ಕೈ ಓಡಾಕತ್ತರ ಕುದುರಿ ಮ್ಯಾಲಿಂದ ಮದುಮಗ ಬೀಳ್ತಾನ’ ಎನ್ನುತ್ತಿದ್ದ. ಗಿರಣಿಯಲ್ಲಿ ಬೀಳುವ ಮದುಮಗನಿರಲಿಲ್ಲ. ಅವನ ಕೈ ಓಡಿತು. ನಾನು ಮೊದಲ ದಿನ ಬರೀ ಕೇಳಲು ಹೋಗಿದ್ದೆ. ಯಂತ್ರದ ಸದ್ದಿನಲ್ಲಿ ಏನೋ ಹೇಳಲು ಬಾಯಿ ತೆರೆದವಳು ಅರಚಬೇಕಾಯಿತು. ಅರಚಿದ್ದು ತಾಳಕ್ಕೆ ಸರಿಯಾಗಿ ಬಿತ್ತು. ಇಬ್ಬರೂ ನನ್ನ ಕಡೆ ತಿರುಗಿ ನೋಡಿದರು. ಮನೆಯಲ್ಲಿ, ಕಾಲೇಜಿನಲ್ಲಿ ನೆಲ ನೋಡಿಕೊಂಡು ಮಾತಾಡುತ್ತಿದ್ದ ನನಗೆ ಆ ಒಂದು ಕೂಗಿನಿಂದ ಎದೆಯೊಳಗಿನ ಕಿಟಕಿ ತೆರೆದಂತಾಯಿತು. ಬ್ಯಾಂಡಿಗೆ ‘ಗಿರಣಿ’ ಎಂದು ಹೆಸರಿಟ್ಟೆವು. ಬೇರೆ ಹೆಸರು ಹೊಳೆಯಲೇ ಇಲ್ಲ.

ಈಗ ಇಂಗ್ಲಿಷ್ ಕಲಿಸುವವಳಾದ್ದರಿಂದ ಒಂದು ಪಾಂಡಿತ್ಯದ ಮಾತು ಆಡಿಬಿಡುತ್ತೇನೆ. ಥ್ರ್ಯಾಶ್ ಎಂಬ ಮಾತಿಗೂ ತೆನೆ ಬಡಿದು ಕಾಳು ಬಿಡಿಸುವುದಕ್ಕೆ ಇಂಗ್ಲಿಷರು ಬಳಸುವ ಮಾತಿಗೂ ಮೂಲ ಒಂದೇ. ಅಂದರೆ ಒಕ್ಕಣೆ. ನಮ್ಮ ಕಡೆ ಅದಕ್ಕೆ ರಾಶಿ ಮಾಡುವುದು ಎನ್ನುತ್ತಾರೆ. ತುರ್ವಿಹಾಳದಿಂದ ಬಳಗಾನೂರಿನವರೆಗೆ ಊರಿಗೂರೇ ಥ್ರ್ಯಾಶ್ ಮಾಡುವ ಸೀಮೆ ನಮ್ಮದು. ಈ ಸಂಗೀತಕ್ಕೆ ನಮಗಿಂತ ಹಕ್ಕುದಾರರು ಯಾರಿದ್ದಾರೆ? ಇನ್ನು ರಾಕ್ ಎಂದರೆ ಬಂಡೆ ಎಂದಾದರೆ, ಚಕ್ರವರ್ತಿಯೊಬ್ಬ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿಸಿದ ಮಸ್ಕಿಯನ್ನು ಬಿಟ್ಟು ಅದು ಇನ್ನೆಲ್ಲಿ ಬೇರು ಬಿಡಬೇಕು? ಇಷ್ಟೆಲ್ಲ ಯೋಚಿಸಿ ನಮ್ಮ ಮೊದಲ ಆಲ್ಬಮ್ಮಿಗೆ ‘ರಾಶಿ’ ಎಂದು ಹೆಸರಿಟ್ಟೆವು. ಅದರಿಂದಾದ ಅನರ್ಥವನ್ನು ಮುಂದೆ ಹೇಳುತ್ತೇನೆ.

ಹಾಡುಗಳು ನಾನು ಬರೆದವು. ಕಾಲುವೆಯ ಕೊನೆಗೆ ಮುಟ್ಟದ ನೀರು, ಪರೀಕ್ಷೆಯ ಹಿಂದಿನ ದಿನವೇ ಹೋಗುವ ಕರೆಂಟು, ಬಾಗಿಲಲ್ಲಿ ಜೋತುಬಿದ್ದು ಬರುವ ತುರ್ವಿಹಾಳದ ಬಸ್ಸು. ನಾನು ಕೂಗುವುದನ್ನು ಮೊದಲ ಸಲ ಕೇಳಿದ ಮಾವನ ಹೆಂಡತಿ ಗಂಗಮ್ಮತ್ತೆ ಶುಂಠಿ, ಬೆಲ್ಲ, ಮೆಣಸು ಕುದಿಸಿದ ಕಷಾಯ ಹಿಡಿದುಕೊಂಡು ಮನೆಯಿಂದ ಓಡಿ ಬಂದಿದ್ದಳು. ‘ಯವ್ವಾ ಸುವಿ, ಗಂಟಲಿಗೆ ಏನಾತವ್ವಾ ನಿನಗ?’ ಏನೂ ಆಗಿಲ್ಲ, ಇದು ಹಾಡು ಎಂದೆ. ಅತ್ತೆ ನಂಬಲಿಲ್ಲ. ಆದರೆ ಅಂದಿನಿಂದ ದಿನಾ ಕಷಾಯದ ಜೊತೆ ಮೊರವನ್ನೂ ತಂದು ನಮ್ಮ ಬಳಿಯೇ ಅಕ್ಕಿ ಕೇರುತ್ತ ಕೂರತೊಡಗಿದಳು. ಇಬ್ಬರು ಗಂಡುಹುಡುಗರ ನಡುವೆ ಸೊಸೆಯನ್ನು ಒಬ್ಬಳೇ ಬಿಡುವುದಕ್ಕಾಗದೆ ಕೂತಳೋ, ಮನೆಯಲ್ಲಿ ಒಬ್ಬಳೇ ಇರಲಾಗದೆ ಕೂತಳೋ, ಆಗ ನಾನು ಯೋಚಿಸಲಿಲ್ಲ.

ಸುಗ್ಗಿ ಮುಗಿದು ಗಿರಣಿ ನಿಂತಾಗ ರೆಕಾರ್ಡಿಂಗ್ ಶುರುವಾಯಿತು. ಹೊಟ್ಟಿನ ಕೋಣೆಯೇ ಸ್ಟುಡಿಯೋ. ಸುತ್ತ ಛಾವಣಿಯ ತನಕ ಹೊಟ್ಟಿನ ಚೀಲ ಪೇರಿಸಿದರೆ ಹೊರಗಿನ ಸದ್ದು ಒಳಗಿಲ್ಲ, ಒಳಗಿನದು ಹೊರಗಿಲ್ಲ. ಧೂಳಿಗೆ ಮೌಲಾ ಸೀನಿದ್ದು ಎರಡನೆಯ ಹಾಡಿನಲ್ಲಿ ಇಂದಿಗೂ ಇದೆ. ಅದೂ ತಾಳಕ್ಕೆ ಸರಿಯಾಗಿಯೇ ಬಿದ್ದಿದೆ. ಒಂದು ಮಧ್ಯಾಹ್ನ ಅತ್ತೆ ಅಕ್ಕಿ ಕೇರುತ್ತ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಬಿಕಾಸ್ ಸದ್ದಿಲ್ಲದೆ ಮೈಕನ್ನು ಅತ್ತ ತಿರುಗಿಸಿದ. ಆ ಗುನುಗು, ಮೊರದ ಸರಸರ, ಅದರ ಕೆಳಗೆ ಅವನ ಗಿಟಾರಿನ ಒಂದೇ ತಂತಿಯ ಮೆಲುದನಿ, ಆಮೇಲೆ ಒಮ್ಮೆಲೇ ಮೌಲಾನ ಡ್ರಮ್ಮು. ‘ರಾಶಿ’ ಶುರುವಾಗುವುದು ಹೀಗೆ.

ಆಗ ಹಾಡು ಮಾರುವವರೆಂದರೆ ಮೊಬೈಲ್ ಅಂಗಡಿಯವರು. ಗಿರಾಕಿಯ ಮೆಮೊರಿ ಕಾರ್ಡಿಗೆ ಕೇಳಿದ ಹಾಡು ತುಂಬಿಸಿ ಕೊಡುತ್ತಿದ್ದರು. ಮಸ್ಕಿ ಬಸ್ ಸ್ಟ್ಯಾಂಡಿನ ಬಳಿ ಮೌಲಾನ ಗೆಳೆಯನದೊಂದು ಅಂಗಡಿ. ಭಕ್ತಿಗೀತೆ, ಜಾನಪದ, ಕವ್ವಾಲಿ ಯಾವುದನ್ನು ತುಂಬಿಸಿದರೂ ಜೊತೆಗೆ ನಮ್ಮ ‘ರಾಶಿ’ಯನ್ನೂ ಪುಕ್ಕಟೆ ಸೇರಿಸಲು ಅವನು ಒಪ್ಪಿದ. ವಾರ ಕಳೆಯುವುದರೊಳಗೆ ಗಿರಾಕಿಗಳು ಮರಳಿ ಬರತೊಡಗಿದರು. ‘ಕಾರ್ಡಿಗೆ ವೈರಸ್ ಬಂದೈತಿ, ಯಾರೋ ಒದರಾಕತ್ತಾರ’ ಎಂಬುದು ಬಹುಮತದ ದೂರು. ಒಬ್ಬ ಹಿರಿಯರಂತೂ ಹೆಸರು ನೋಡಿ ರಾಶಿಫಲವೆಂದು ತಿಳಿದು, ಬೆಳಿಗ್ಗೆ ಸ್ನಾನ ಮಾಡಿ ಮೊಬೈಲಿನಲ್ಲಿ ಹಚ್ಚಿ ಕೇಳಿ, ಕನ್ಯಾರಾಶಿಗೆ ಇಷ್ಟು ಕೆಟ್ಟ ಕಾಲ ಬಂತೇ ಎಂದು ಗಾಬರಿಯಾಗಿದ್ದರಂತೆ. ಅಂಗಡಿಯವನು ನಮ್ಮ ಹಾಡುಗಳನ್ನು ಅಳಿಸಿಹಾಕಿದ.

ನಗುತ್ತ ಹೇಳುತ್ತಿದ್ದೇನೆ, ಅಂದು ನಗಲಿಲ್ಲ. ಬಿಕಾಸ್ ಗಿಟಾರಿಗೆ ಚೀಲ ಹೊದಿಸಿದ. ‘ಸಾಕು ಶುಬರ್ಣಾ. ಯಾರಿಗೂ ಬ್ಯಾಡಾದದ್ದು ನಮಗ್ಯಾಕ ಬೇಕು’ ಎಂದ.

ಆಗ ಮಾವ ಬಂದರು. ‘ನಿಮ್ಮದು ಅದೇನೋ ಹಾಡು ಬಂದಾವಂತಲ್ಲ, ಹಚ್ರಿ ಕೇಳೋಣು’ ಎಂದರು.

ಗಿರಣಿಯ ಆಫೀಸಿನಲ್ಲಿ ಸ್ಪೀಕರಿಗೆ ಹಚ್ಚಿದೆವು. ಮಾವ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೊನೆಯ ತನಕ ಕೇಳಿದರು. ಒಂದು ಕಾಲಕ್ಕೆ ಮಠದ ಸೋಮವಾರದ ಭಜನೆಯಲ್ಲಿ ಅವರದೇ ತಾಳ. ಈಚೆಗೆ ಕೆಲಸ ಬಹಳ ಎಂದು ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದರು. ಮುಗಿದ ಮೇಲೆ ಕಣ್ಣು ತೆರೆದು, ‘ಪಾಡ ಐತಿ. ನಾಳಿ ಮತ್ತ ಹಚ್ರಿ’ ಎಂದರು. ಮರುದಿನವೂ ಕೇಳಿದರು, ಅದರ ಮರುದಿನವೂ. ಊಟದ ನಂತರ ‘ರಾಶಿ’ ಕೇಳುವುದು ಅವರ ಪದ್ಧತಿಯೇ ಆಯಿತು. ಭಜನೆಯಲ್ಲಿ ಪಳಗಿದ ಕಿವಿಯೊಂದು ನಮ್ಮನ್ನು ಮೆಚ್ಚಿದೆ! ಬಿಕಾಸ್ ಚೀಲ ತೆಗೆದ. ಮೌಲಾ ಎರಡನೆಯ ಆಲ್ಬಮ್ಮಿನ ಮಾತು ಎತ್ತಿದ. ಅತ್ತೆ ಮಾತ್ರ ಆಫೀಸಿನ ಬಾಗಿಲಲ್ಲಿ ನಿಂತು, ಏನೋ ಹೇಳಲು ಬಂದವಳು ಹೇಳದೆ ಒಳಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ನಾವು ಮೂವರೂ ಆಲ್ಬಮ್ ಹಚ್ಚಿ ಮಾವನ ಎದುರು ಕೂತೆವು. ಅತ್ತೆಯ ಗುನುಗು ಶುರುವಾಯಿತು, ಮೊರ ಸರಸರಿಸಿತು. ಮಾವ ನನ್ನನ್ನು ನೋಡಿದರು.

‘ಯಾಕ ಸುವಿ, ಇನ್ನಾ ಚಾಲೂ ಮಾಡವಲ್ಲಿ?’

ಬಿಕಾಸ್, ಮೌಲಾ, ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಡ್ರಮ್ಮು ಬಡಿಯಿತು. ‘ಹಾಂ, ಈಗ ಬಂತು ನೋಡು’ ಎಂದು ಮಾವ ಕಣ್ಣು ಮುಚ್ಚಿದರು.

ನಾನು ಒಳಗೆ ಹೋಗಿ ಅತ್ತೆಗೆ ಹೇಳಿದೆ. ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ‘ಕಿವಿ ಕೇಳ್ಸಂಗಿಲ್ಲ? ಬರೇ ಅದ? ನಾ ಏನ್ ಮಾತಾಡಿದ್ರೂ ಸುಮ್ಕ ಇರ್ತಾರ, ನನ್ನ ಮ್ಯಾಲೆ ಏನ್ ಸಿಟ್ಟೋ, ನಾ ಏನ್ ತಪ್ಪ್ ಮಾಡೀನೋ ಅಂತ ದಿನಾ ಲೆಕ್ಕ ಹಾಕ್ಕೊಂತ ಕುಂತಿದ್ನೆವ್ವಾ’ ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಮಾವನನ್ನು ಕಿವಿಯ ಡಾಕ್ಟರ ಬಳಿ ಕರೆದೊಯ್ಯುವುದು ಸುಲಭವಿರಲಿಲ್ಲ. ‘ನನ್ನ ಕಿವಿಗೇನಾಗೇತಿ? ಕಿವಿ ಹೋಗಿದ್ರ ಇವರ ಹಾಡು ಹೆಂಗ ಕೇಳ್ತಿದ್ದೆ?’ ಎಂದು ರೇಗಿದರು. ಊರೆಲ್ಲ ತಿರಸ್ಕರಿಸಿದ ನಮ್ಮ ಆಲ್ಬಮ್ ಅವರ ಕಿವಿ ಸರಿಯಿದೆ ಎಂಬುದಕ್ಕೆ ಸಾಕ್ಷಿಯಾಗಿ ನಿಂತಿತ್ತು.

ಕೊನೆಗೆ ಬಿಕಾಸ್ ಗಟ್ಟಿಯಾಗಿ ಹೇಳಿದ: ‘ಮಾವಾರಾ, ಎಲ್ಲಾರೂ ಕುಂದ್ರೋಣು. ಹಾಡು ಶುರು ಆದಕೂಡ್ಲೆ ಕೈ ಎತ್ತೋಣು. ಅಷ್ಟ.’

ಮಾವ ಪಂದ್ಯಕ್ಕೆ ಒಪ್ಪಿದವರ ಹಾಗೆ ಕುರ್ಚಿ ಎಳೆದುಕೊಂಡು ಕೂತರು. ಬಿಕಾಸ್ ಹಚ್ಚಿದ. ನಾನು ಕೈ ಎತ್ತಿದೆ, ಮೌಲಾ ಎತ್ತಿದ, ಬಾಗಿಲಲ್ಲಿ ನಿಂತಿದ್ದ ಹಮಾಲನೂ ಎತ್ತಿದ. ಮಾವ ನಮ್ಮನ್ನೆಲ್ಲ ನೋಡಿ ಮೊದಲು ನಕ್ಕರು, ಚೇಷ್ಟೆಯೆಂದುಕೊಂಡು. ಆಮೇಲೆ ಅತ್ತೆಯ ಕೈಯೂ ಮೇಲಿದ್ದುದನ್ನು ನೋಡಿದರು. ಅತ್ತೆ ಚೇಷ್ಟೆ ಮಾಡುವವಳಲ್ಲ. ಮಾವ ಮುಂದೆ ಬಾಗಿ ಸ್ಪೀಕರಿನ ಮೇಲೆ ಅಂಗೈ ಇಟ್ಟರು.

‘ಏನ್ ಐತಿ ಇದ್ರಾಗ?’ ಎಂದು ಕೇಳಿದರು.

‘ಅತ್ತಿ ಹಾಡಾಕತ್ತಾಳ್ರೀ ಮಾವಾ’ ಎಂದು ನಾನು ಗಿರಣಿಯ ದನಿಯಲ್ಲಿ ಹೇಳಿದೆ.

ಮಾವ ಅತ್ತೆಯ ಕಡೆ ತಿರುಗಿದರು. ‘ನೀ ಹಾಡೀಯೇನು? ನನಗ ಹೇಳಲೇ ಇಲ್ಲ?’

‘ಹೇಳಿದ್ದೆ’ ಎಂದಳು ಅತ್ತೆ. ‘ಭಾಳ ಸಲ ಹೇಳಿದ್ದೆ.’

ಆಗಲೇ ಡ್ರಮ್ಮು ಬಡಿಯಿತು. ಮೌಲಾ ಎದ್ದು ಅದನ್ನು ನಿಲ್ಲಿಸಿದ. ಮಾವ ಯಾರ ಮುಖವನ್ನೂ ನೋಡದೆ, ‘ನಾಳಿ ಡಾಕ್ಟರ್ ಕಡೆ ಹೋಗೋಣು’ ಎಂದರು.

ಗಿರಣಿಯ ಸದ್ದಿನಲ್ಲಿ ಜೀವನವಿಡೀ ನಿಂತ ಕಿವಿಗಳಲ್ಲಿ ಸಣ್ಣ ಸದ್ದುಗಳು ಮೊದಲು ಸಾಯುತ್ತವೆಯಂತೆ. ಡಾಕ್ಟರು ವಿವರಿಸಿದರು. ಮಾವ ಭಜನೆಗೆ ಹೋಗುವುದನ್ನು ಬಿಟ್ಟದ್ದೂ ಕೆಲಸದಿಂದಲ್ಲ. ಯಾರು ಯಾವಾಗ ಪದ ಎತ್ತುತ್ತಾರೆಂದು ತಿಳಿಯದೆ ಒಮ್ಮೆ ತಾಳ ತಪ್ಪಿಸಿದ ನಾಚಿಕೆಯಿಂದ. ಇದನ್ನು ಅವರು ಬರುವಾಗ ದಾರಿಯಲ್ಲಿ ಹೇಳಿದರು.

ಕಿವಿಗೆ ಮಷೀನು ಬಂದ ದಿನ ಆಫೀಸಿನಲ್ಲಿ ಮತ್ತೆ ‘ರಾಶಿ’ ಹಚ್ಚಿದೆವು. ಅತ್ತೆಯ ಗುನುಗು ಶುರುವಾದೊಡನೆ ಮಾವನ ಮುಖ ಎತ್ತಿದಂತೆಯೇ ನಿಂತಿತು. ತುಟಿ ಸ್ವಲ್ಪ ಅಲುಗಿತು. ಅದು ಅತ್ತೆಯ ತವರಿನ ಬೀಸುವ ಪದವಂತೆ, ಅವರಿಗೆ ಗೊತ್ತಿತ್ತು. ಮುಂದೆ ಡ್ರಮ್ಮು, ಗಿಟಾರು, ನಾನು ಮೂವರೂ ಒಟ್ಟಿಗೆ ಮೇಲೆ ಬಿದ್ದೆವು. ಮಾವ ಎರಡೂ ಕಿವಿ ಮುಚ್ಚಿಕೊಂಡು ಕುರ್ಚಿಯಿಂದ ಎದ್ದೇಬಿಟ್ಟರು.

‘ಯಪ್ಪಾ, ಇಷ್ಟು ಗದ್ಲ ಮಾಡ್ತಿದ್ರೇನ್ಲೇ ನೀವು!’

‘ಮತ್ತ ಪಾಡ ಐತಿ ಅಂದಿದ್ರಲ್ರೀ’ ಎಂದ ಮೌಲಾ.

‘ಇದನ್ಯಾರ್ ಕೇಳಿದ್ರು? ಆ ಮೊದಲಿಂದಷ್ಟ ಹಚ್ರಿ.’

ಮೊದಲಿನದನ್ನಷ್ಟೇ ಮತ್ತೆ ಮತ್ತೆ ಹಚ್ಚಿದೆವು. ಹೀಗೆ ನಮಗಿದ್ದ ಒಬ್ಬ ಅಭಿಮಾನಿಯನ್ನೂ ಕೈಯಾರೆ ಕಳೆದುಕೊಂಡೆವು. ಡಿಗ್ರಿ ಮುಗಿಯಿತು, ಬ್ಯಾಂಡೂ ಮುಗಿಯಿತು. ಬಿಕಾಸ್ ಕ್ಯಾಂಪಿನಲ್ಲಿ ಭತ್ತ ಬೆಳೆಯುತ್ತಾನೆ. ಮೌಲಾ ಮಸ್ಕಿಯಲ್ಲಿ ಅಪ್ಪನ ಬ್ಯಾಂಡ್ ಸೆಟ್ಟಿಗೆ ಯಜಮಾನ. ಈಗ ನಿಧಾನವಾಗಿ ಬಾರಿಸುವುದನ್ನು ಕಲಿತಿದ್ದಾನೆ. ಮಾವ ಭಜನೆಗೆ ಮರಳಿದರು. ‘ಮಷೀನ್ ಹಾಕ್ಸಿದ್ದ ತಪ್ಪಾತು ನೋಡವ್ವಾ, ಒಂದಂದ್ರ ಎರಡು ಮಾತು ತಿರುಗಿ ಆಡ್ತಾರ’ ಎಂದು ಅತ್ತೆ ದೂರುತ್ತಾಳೆ. ಆ ದೂರಿನಲ್ಲಿರುವಷ್ಟು ಸಂತೋಷವನ್ನು ನಾನು ಯಾವ ಹೊಗಳಿಕೆಯಲ್ಲೂ ಕೇಳಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ಸಿಂಧನೂರಿಗೆ ಹೋಗಿದ್ದೆ. ಹೇಗೋ ಮೂವರೂ ಗಿರಣಿಯಲ್ಲಿ ಕೂಡಿದೆವು. ಯಂತ್ರಗಳೆಲ್ಲ ಹೊಸವು, ಸದ್ದು ಅರ್ಧವೂ ಇಲ್ಲ. ಸುಮ್ಮನೆ ಒಂದು ಹಾಡು ನೋಡೋಣ ಎಂದು ಬಿಕಾಸ್ ತಂತಿ ಬಿಗಿದ, ಮೌಲಾ ಕಡ್ಡಿ ಹಿಡಿದ. ಗುಬ್ಬಿಗೆ ಅಭ್ಯಾಸ ತಪ್ಪಿತ್ತು. ಅಷ್ಟರಲ್ಲಿ ಮಾವ ಕೋಲೂರಿಕೊಂಡು ಬಂದು ಕುರ್ಚಿ ಹಾಕಿಸಿಕೊಂಡು ಕೂತರು.

‘ಮಾವಾ, ನೀವು ಒಳಗ ಹೋಗ್ರಿ, ಗದ್ಲ ಆಗ್ತೈತಿ’ ಎಂದೆ.

ಮಾವ ಒಂದು ಕಿವಿಯ ಮಷೀನು ತೆಗೆದರು, ಇನ್ನೊಂದನ್ನೂ ತೆಗೆದರು, ಎರಡನ್ನೂ ಜೋಪಾನವಾಗಿ ಅಂಗಿಯ ಜೇಬಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ಸಜ್ಜು ಮಾಡಿಕೊಂಡರು.

‘ಹಾಂ, ಈಗ ಹೊಡೀರಿ.’