ಎರಡು ಹೆಜ್ಜೆ ಎಡಕ್ಕೆ

ಓಬಳೇಶ, ನೀನು ಜಿಲ್ಲಾ ವಾಲಿಬಾಲ್ ತಂಡಕ್ಕೆ ಹೋಗದಂತೆ ಮಾಡಿದವನು ನಾನು. ನಿನ್ನ ಕೈ ಸೋಲಲಿಲ್ಲ, ಹಣೆಬರಹವೂ ಕೆಟ್ಟಿರಲಿಲ್ಲ — ನಾನು. ಇವತ್ತಿಗೂ ನೀನು 'ಅಣ್ಣ' ಎನ್ನುವ ಈ ಸೈಕಲ್ ಅಂಗಡಿಯವನು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ನಮ್ಮ ಮಧುಗಿರಿ ತಂಡ ಯಾರ ಮೇಲೆ ಆಡಿದರೂ ಸೋಲುತ್ತಿತ್ತು. ಶಿರಾದಲ್ಲಿ ಸೋತೆವು, ಕೊರಟಗೆರೆಯಲ್ಲಿ ಸೋತೆವು. ಪಾವಗಡದವರಂತೂ ಆಟ ಮುಗಿಸಿ ಊಟಕ್ಕೆ ಕೂರಿಸಿ, "ಏಂ ಕ್ಯಾಪ್ಟನ್‌ಗಾರೂ, ಬಾಲ್ ಸಿಗದಿದ್ರೇನು, ಮುದ್ದೆ ಸರಿಯಾಗೇ ಸಿಗ್ತಲ್ಲ ಕೈಗೆ!" ಎಂದು ನಕ್ಕರು. ತಪ್ಪೆಲ್ಲ ಲಿಫ್ಟರನದು ಎಂದು ಎಲ್ಲರೂ ಅಂದರು — ಬಲೆಯ ಬಳಿ ನಿಂತು, ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನದು. ನಾನೂ ಅಂದೆ. ಕಾಲೇಜಿನ ಇಬ್ಬರು ಹುಡುಗರನ್ನು ಕರೆಸಿ, ಆಡಿಸಿ ನೋಡಿ, 'ಕೈ ಇಲ್ಲ' ಎಂದು ಕಳಿಸಿಬಿಟ್ಟೆ. ಆಮೇಲೆ ಬಡವನಹಳ್ಳಿಯಿಂದ ನೀನು ಬಂದೆ.

ತಪ್ಪು ಲಿಫ್ಟರನದಾಗಿರಲಿಲ್ಲ. ಎದುರಾಳಿಯ ಸರ್ವೀಸನ್ನು ಹಿಂದೆ ನಿಂತು ತಡೆದು ಲಿಫ್ಟರನಿಗೆ ದಾಟಿಸಬೇಕಾದವನು ನಾನು. ನನ್ನ ಬಲಗಣ್ಣಿಗೆ ಪೊರೆ ಬಂದಿತ್ತು. ಬೆಟ್ಟದ ನೆರಳು ಮೈದಾನಕ್ಕೆ ಇಳಿದ ಮೇಲೆ ಚೆಂಡು ಬೂದಿ ಎರಚಿದ ಹಾಗೆ ಕಾಣುತ್ತಿತ್ತು. ಅಂದಾಜಿನ ಮೇಲೆ ಕೈ ಒಡ್ಡುತ್ತಿದ್ದೆ. ಅದು ಪ್ರತಿಸಲವೂ ಎಡಕ್ಕೆ ಹಾರುತ್ತಿತ್ತು. ಯಾರಿಗೂ ಹೇಳಲಿಲ್ಲ. ನಲವತ್ತಾರಾಗಿತ್ತು ನನಗೆ. ಹೇಳಿದರೆ ಹೊರಗೆ ಕೂರು ಅನ್ನುತ್ತಾರೆ — ಅಷ್ಟೇ ಹೆದರಿಕೆ. ಅಷ್ಟಕ್ಕೇ…

ನೀನು ನಾಲ್ಕೇ ದಿನದಲ್ಲಿ ಕಂಡುಹಿಡಿದೆ. ನೀರು ಕುಡಿಯುವ ನೆಪದಲ್ಲಿ ಹತ್ತಿರ ಬಂದು ಮೆಲ್ಲಗೆ ಅಂದೆ: "ಅಣ್ಣ, ನಿಮ್ ಬಾಲು ಎಡಕ್ಕೇ ಬತ್ತದೆ. ನಾನೇ ಎರಡೆಜ್ಜೆ ಅಂಗೇ ನಿಂತ್ಕಂತೀನಿ ಬುಡಿ." ಯಾಕೆ ಎಂದು ಕೇಳಲಿಲ್ಲ. ಬೇರೆ ಯಾರ ಕಿವಿಗೂ ಹಾಕಲಿಲ್ಲ. ಅವತ್ತಿನಿಂದ ನಾವು ಗೆಲ್ಲತೊಡಗಿದೆವು. ಗೆದ್ದು ಬರುವಾಗ ಬಸ್ಸಿನಲ್ಲಿ ನೀನು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದೆ.

ಜಿಲ್ಲಾ ತಂಡಕ್ಕೆ ಹುಡುಗರನ್ನು ಆರಿಸುವವರು ತುಮಕೂರಿನಿಂದ ಬಂದ ದಿನವೂ ನೀನು ಅಲ್ಲೇ ನಿಂತು ಆಡಿದೆ, ಎರಡು ಹೆಜ್ಜೆ ಎಡಕ್ಕೆ. ಆಟ ಮುಗಿದ ಮೇಲೆ ಅವರು ನನ್ನನ್ನು ಕರೆದರು.

"ಹುಡುಗನ ಕೈ ಬಂಗಾರ ಕಣ್ರೀ. ಆದ್ರೆ ಜಾಗ ಬಿಟ್ಟು ಯಾಕ್ ನಿಲ್ತಾನೆ?"

ಒಂದೇ ಮಾತು ಸಾಕಿತ್ತು. 'ನನ್ನ ಕಣ್ಣಿಗೋಸ್ಕರ' ಎಂದಿದ್ದರೆ ಸಾಕಿತ್ತು.

"ಅದೊಂದು ಚಟ ಸಾರ್," ಅಂದೆ. "ಎಷ್ಟ್ ಹೇಳಿದ್ರೂ ಕೇಳಲ್ಲ."

ಅವರು ನಿನ್ನ ಹೆಸರಿನ ಮೇಲೆ ಗೀಟೆಳೆದರು. ನೀನು ನಲ್ಲಿಯ ಬಳಿ ಕಾಲು ತೊಳೆಯುತ್ತಿದ್ದೆ. ತಲೆಯೆತ್ತಿ ನನ್ನತ್ತ ನೋಡಿದೆ, ಮತ್ತೆ ಕಾಲು ತೊಳೆದೆ. ಕೇಳಿಸಿತೋ ಇಲ್ಲವೋ — ಇವತ್ತಿಗೂ ಕೇಳುವ ಧೈರ್ಯ ನನಗಿಲ್ಲ. ಮುಂದಿನ ಭಾನುವಾರದ ಆಟಕ್ಕೂ ನೀನು ಬಂದೆ. ಬಂದು, ಎರಡು ಹೆಜ್ಜೆ ಎಡಕ್ಕೇ ನಿಂತೆ. ಅದೊಂದನ್ನು ನೆನೆದರೆ ಇಂದಿಗೂ…

ಆಟ ಬಿಟ್ಟ ಮೇಲೆ ಬಲಗಣ್ಣಿನ ಪೊರೆಯನ್ನು ಗುಟ್ಟಾಗಿ ತೆಗೆಸಿಕೊಂಡೆ. ಹೋದ ತಿಂಗಳು ಎಡಗಣ್ಣಿನದು. ನೀನೇ ನಿನ್ನ ಆಟೋದಲ್ಲಿ ನನ್ನನ್ನು ಕರೆದುಕೊಂಡು ಹೋದೆ, ಮೂರು ಹೊತ್ತೂ ಬಂದು ಹನಿ ಹಾಕಿದೆ. ಪಟ್ಟಿ ಬಿಚ್ಚಿದಾಗ, "ಏನಣ್ಣ, ಕಾಣ್ತೀನಾ?" ಅಂದೆ. "ತಲೆ ನೆರೆತೈತಲ್ಲೋ ನಿಂದು!" ಅಂದೆ ನಾನು. ಇಬ್ಬರೂ ನಕ್ಕೆವು. ಆಗಲೇ ಹೇಳಬೇಕಿತ್ತು.

ಈಗ ಮತ್ತೆ ನಮ್ಮ ತಂಡ ಸೋಲುತ್ತಿದೆ. ಬರುವ ಭಾನುವಾರ ಕಾಲೇಜಿನ ಹುಡುಗರಲ್ಲಿ ಒಬ್ಬ ಲಿಫ್ಟರನನ್ನು ಆರಿಸಿಕೊಡಿ ಎಂದು ನನ್ನನ್ನೇ ಕರೆದಿದ್ದಾರೆ. ಹೋಗುತ್ತೇನೆ. ಆದರೆ ಆ ಹುಡುಗರ ಕೈ ನೋಡುವ ಮೊದಲು, ಹಿಂದೆ ನಿಂತು ಅವರಿಗೆ ಚೆಂಡು ದಾಟಿಸುವವರನ್ನು ನೋಡುತ್ತೇನೆ. ಅದಕ್ಕೂ ಮೊದಲು, ಎಲ್ಲರೂ ಸೇರಿರುವಾಗ, ಇಲ್ಲಿ ಬರೆದಿರುವುದನ್ನು ಬಾಯಿಬಿಟ್ಟು ಹೇಳುತ್ತೇನೆ.

ನೀನೂ ಅಲ್ಲಿರು, ಓಬಳೇಶ. ಆಮೇಲೆ ನನ್ನನ್ನು ಅಣ್ಣ ಎನ್ನಬೇಕೋ ಬೇಡವೋ, ನಿನಗೆ ಬಿಟ್ಟದ್ದು. ಆದರೆ ಅವತ್ತು ನನಗಾಗಿ ಸರಿದು ನಿಲ್ಲಬೇಡ. ನಿನ್ನ ಜಾಗದಲ್ಲೇ ನಿಲ್ಲು.